ಎಳೆಯುವ ಗಾಲಿಗೆ ನಿಂಬೆಹಣ್ಣು

ನಮ್ಮ ಕಾಕಾರಿಗೆ ತಲೆ ಕೆಟ್ಟಿದೆಯೆಂದು ಭಾಲ್ಕಿಯ ಅರ್ಧ ಊರು ಹೇಳುತ್ತದೆ. ಉಳಿದರ್ಧ ಊರು ಅವರ ಜೀಪಿನಲ್ಲಿ ಇನ್ನೂ ಕೂತಿಲ್ಲ, ಅಷ್ಟೇ!

ಅದು ನಾಲ್ಕೂ ಗಾಲಿಯಿಂದ ಎಳೆಯುವ ಹಳೆಯ ಜೀಪು. ಕೆಸರು ಕಂಡರೆ ಕಾಕಾ ಇಳಿದು, ಮುಂದಿನ ಗಾಲಿಗಳೂ ಎಳೆಯುವಂತೆ ಅವುಗಳ ನಡುವಿನ ಲಾಕು ತಿರುವಿ, ಮತ್ತೆ ಹತ್ತಿ, ಇನ್ನೊಂದು ಗೇರು ಹಾಕಬೇಕು. ಅದರೊಳಗೆ ಕೂಗಿದರೇ ಮಾತು ಕೇಳುವುದು; ಹಾಗಾಗಿ ಅವರು ಮನೆಯಲ್ಲೂ ಕೂಗಿಯೇ ಮಾತಾಡುತ್ತಾರೆ!

ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ವೆಲ್ಡಿಂಗ್ ಕಿಡಿಯ ಮುಂದೆ ಇಪ್ಪತ್ತು ವರ್ಷ ದುಡಿದು, ಬೀದರಿಗೆ ಹೋಗಿ ಹೊಸ ಸಣ್ಣ ಕಾರು ತಂದೆ. ಅಪ್ಪನ ಜಾಗದಲ್ಲಿರುವ ಕಾಕಾ ಅದರಲ್ಲಿ ಒಮ್ಮೆ ಕೂತು 'ಶಾಬಾಸ್' ಎನ್ನಲಿ. ಇದೇನು ದೊಡ್ಡ ಆಸೆಯೇ?

ಪೂಜೆಯ ದಿನ ನಾಲ್ಕು ಗಾಲಿಗೂ ನಿಂಬೆಹಣ್ಣು ಇಟ್ಟೆ. ಕಾಕಾ ಬಗ್ಗಿ ನೋಡಿದರು.

"ಇದರಾಗ ಎಳಿಯೋ ಗಾಲಿ ಎಷ್ಟಲೇ?"

"ಮುಂದಿನವು ಎರಡ್ರಿ ಕಾಕಾ."

"ಮತ್ತ ಹಿಂದಿನವು?"

"ಸುಮ್ನ ಹಿಂದ ಬರ್ತಾವ್ರಿ."

"ಬೀಗರಂಗ! ದುಡಿಯಲಾರದವಕ್ಕ ನಿಂಬಿಹಣ್ಣು ಯಾಕ?"

ಹಿಂದಿನ ಎರಡನ್ನೂ ಎತ್ತಿಕೊಂಡರು. ಒಂದನ್ನು ಶರಬತ್ತು ಮಾಡಿಸಿ ಕುಡಿದರು, ಇನ್ನೊಂದನ್ನು ಜೇಬಿಗಿಳಿಸಿದರು. ಕಾರಿನಲ್ಲಿ ಮಾತ್ರ ಕೂಡಲಿಲ್ಲ.

"ಎಸಿ ಅದ್ರಿ ಕಾಕಾ, ಒಂದ್ಸಲ ಕೂತು ನೋಡ್ರಿ."

"ಹೌದಪಾ, ಭಾಳ ಛಲೋ ಗಾಡಿ," ಎಂದರು. ಎಂದವರೇ ಜೀಪು ಹತ್ತಿ ಹೋದರು! ಹೊಗಳಿದರೋ, ಬೈದರೋ? ನಾನು ಇಲ್ಲದಾಗ ನನ್ನ ಕಾರನ್ನು ತಮ್ಮ ಟವೆಲ್ಲಿನಿಂದ ಒರೆಸುತ್ತಾರೆಂದು ಹೆಂಡತಿ ಹೇಳಿದಳು. ನನಗೆ ತಲೆಬುಡ ತಿಳಿಯಲಿಲ್ಲ.

ಮೊನ್ನೆ ಮಳೆಯಲ್ಲಿ ನಾನೂ ಹೆಂಡತಿಯೂ ಔರಾದ ಕಡೆಯ ಚಿಂತಾಕಿಗೆ, ಅವಳ ತವರಿಗೆ ಹೊರಟೆವು. ಕನ್ನಡಿಯಲ್ಲಿ ನೋಡುತ್ತೇನೆ, ಹಿಂದೆ ಜೀಪು! ನಾನು ಜೋರು ಮಾಡಿದರೆ ಅದು ಹೊಗೆಯುಗುಳುತ್ತದೆ. ಚಹಾಕ್ಕೆ ನಿಂತರೆ ಇಪ್ಪತ್ತು ಮಾರು ದೂರದಲ್ಲಿ ಅದೂ ನಿಲ್ಲುತ್ತದೆ.

"ಕಾಕಾರು ರೇಸ್ ಹಚ್ಯಾರೇನ್ರಿ?" ಎಂದಳು ಹೆಂಡತಿ.

ಚಿಂತಾಕಿಯಲ್ಲಿ ಕಾಕಾರಿಗೆ ಬೇರೆ ಕೆಲಸವೇನೂ ಇಲ್ಲ. ಅವಳ ತವರಿನ ಅಂಗಳದಲ್ಲಿ ಇಳಿದವನೇ ಸಿಟ್ಟಿನಿಂದ ಕೇಳಿದೆ: "ಹಿಂದಿನ ಸೀಟು ಪೂರಾ ಖಾಲಿ ಇತ್ತಲ್ರಿ! ನನ್ನ ಕಾರು ನಿಮಗ ಅಷ್ಟು ಕಡಿಮಿ ಆತೇನ್ರಿ?"

"ಹುಚ್ಚ! ನಾನೂ ಅದರಾಗೇ ಕೂತ್ರ, ಕರಿ ಮಣ್ಣಿನ್ಯಾಗ ಗಾಡಿ ಸಿಕ್ಕೊಂಡಾಗ ನಿಮ್ಮನ್ನ ಎಳಿಯಾವರು ಯಾರು?"

ಜೀಪಿನೊಳಗೆ ಇಣುಕಿದೆ. ಹೊಸ ಹಗ್ಗದ ದಪ್ಪ ಸುರುಳಿ. ಅದರ ಮೇಲೆ ಒಣಗಿದ ಒಂದು ನಿಂಬೆಹಣ್ಣು.

ತಿರುಗಿ ಬರುವಾಗ ಕನ್ನಡಿಯಲ್ಲಿ ಜೀಪು ಕಾಣದಾದಾಗಲೆಲ್ಲ ನಾನು ಕಾರನ್ನು ನಿಧಾನ ಮಾಡಿದೆ.