ಹಿನ್ನೀರಿನ ನಡುವೆ ಕಡಲೆ ಹೊಲ

ಬೈಲಹೊಂಗಲದಿಂದ ರಾಮದುರ್ಗದ ತನಕ ಯಾವ ಕಚೇರಿಗೆ ಹೋದರೂ ಇಂಥದ್ದೊಂದು ಕಣ್ಣಿಗೆ ಬೀಳದೆ ಇರುವುದಿಲ್ಲ: ಕಂಪ್ಯೂಟರ್ ದಾರಿಗೆ ಅಡ್ಡ ಮಲಗಿರುತ್ತದೆ, ನೌಕರ ಪಕ್ಕದಿಂದ ನುಸುಳಿ ಕೆಲಸ ಮುಗಿಸುತ್ತಿರುತ್ತಾನೆ. ನಾನು ವಕೀಲನಲ್ಲ, ಸುತ್ತೋಲೆ ಓದಿ ಓದಿ ಜಗಳ ಕಲಿತವನು. ಬೈಯಲೆಂದೇ ಹೋಗುತ್ತೇನೆ. ಆಮೇಲೆ ಇವರು ಹೇಗೆ ನಡೆಸುತ್ತಾರಪ್ಪಾ ಎಂದು ನೋಡುತ್ತಾ ನಿಂತುಬಿಡುತ್ತೇನೆ.

ಈ ಸಲ ಹೋದದ್ದು ಸವದತ್ತಿ ಕಡೆಯ ಒಬ್ಬ ಅಕ್ಕನ ಸಲುವಾಗಿ. ಆಕೆಯ ಹೊಲದಲ್ಲಿ ಕಡಲೆ ಚೆನ್ನಾಗಿ ಬಂದಿತ್ತು. ಆದರೆ ಬೆಳೆ ಸಮೀಕ್ಷೆಯ ಆ್ಯಪ್ ಆ ಹೊಲವನ್ನು ಮಲಪ್ರಭೆಯ ಹಿನ್ನೀರಿನ ನಡುವೆ ತೋರಿಸುತ್ತಿತ್ತು. ಸಮೀಕ್ಷೆಯಲ್ಲಿ ಬೆಳೆ ದಾಖಲಾಗದಿದ್ದರೆ ಖರೀದಿ ಕೇಂದ್ರದವರು ಕಾಳು ಮುಟ್ಟುವುದಿಲ್ಲ. ಗಡುವು ಮುಗಿಯಲು ಬಂದಿತ್ತು.

ಮಾಳಿಗೆ ಮೇಲೆ

ಮೊದಲು ಊರ ಗ್ರಾಮಲೆಕ್ಕಿಗರ ಕಚೇರಿಗೆ ಹೋದೆವು. ಕುರ್ಚಿ ಖಾಲಿ. "ಸಾಹೇಬ್ರ ಎಲ್ಲಿ ಹಾಳಾಗಿ ಹೋಗ್ಯಾರ?" ಎಂದು ಕೂಗಿದೆ.

"ಇಲ್ಲೇ ಅದೀನ್ರಿ, ಮ್ಯಾಲ ಬರ್ರಿ!" ಎಂದು ಮಾಳಿಗೆಯಿಂದ ದನಿ ಬಂತು.

ಹತ್ತಿ ನೋಡಿದರೆ ನೀರಿನ ಟಾಕಿಯ ನೆರಳಲ್ಲಿ ಮೇಜು, ಕುರ್ಚಿ, ಸಾಹೇಬರು.

"ಅಲ್ರಿ, ಕಚೇರಿ ಕೆಳಗ ಐತಿ!"

"ಕೆಳಗ ನೆಟ್‌ವರ್ಕ್ ಇಲ್ರಿ. ಅಲ್ಲಿ ಕುಂತ್ರ ಹಾಜರಿ ಆ್ಯಪ್ ನಾ ಗೈರ ಅಂತೈತಿ. ಇಲ್ಲಿ ಕುಂತ್ರ ಹಾಜರ್."

ಆ್ಯಪ್‌ನಲ್ಲಿ ಹೊಲದ ಜಾಗ ಸರಿಮಾಡುವುದು ತಾಲೂಕಿನವರ ಕೆಲಸ ಎಂದರು. ಅಷ್ಟರಲ್ಲಿ ಅವರ ಮನೆಯಾಕೆ ಕೆಳಗೆ ಬಂದು ನಿಂತಳು. ಸಾಹೇಬರು ಹಗ್ಗ ಇಳಿಬಿಟ್ಟು ಊಟದ ಡಬ್ಬಿ ಮೇಲೆಳೆದುಕೊಂಡರು.

"ಇಳದ ಉಣ್ಣಾಕ ಏನ್ ಧಾಡಿ?" ಎಂದಳು ಆಕೆ.

"ಇಳದ್ರ ಅರ್ಧಾ ದಿನದ ರಜಾ ಹೋಗತೈತಿ!"

ಆನೆ ಒತ್ತಿದರೆ

ತಾಲೂಕು ಕಚೇರಿಯಲ್ಲಿ ಆಪರೇಟರ್ ನಮ್ಮ ದೂರು ದಾಖಲಿಸಿಕೊಂಡ. ಕಾರಣ ಎಂಬ ಜಾಗದಲ್ಲಿ ಅವನು 'ಆನೆ ದಾಳಿ' ಎಂದು ಒತ್ತಿದ್ದು ಕಂಡು ನನ್ನ ಪಿತ್ತ ನೆತ್ತಿಗೇರಿತು.

"ಏ ತಮ್ಮಾ, ನಮ್ಮ ಕಡಿ ಆನಿ ಎಲ್ಲಿಂದ ಬಂತೋ?"

"ಸಿಟ್ಟಾಗಬ್ಯಾಡ್ರಿ ಕಾಕಾ. ಬ್ಯಾರೆ ಯಾವ ಕಾರಣ ಒತ್ತಿದ್ರೂ ಮುಂದಿನ ಪುಟ ತೆರಿಯಂಗಿಲ್ಲ. ಆನಿ ಒತ್ತಿದ್ರ ಸರಕ್ ಅಂತ ಹೋಗತೈತಿ. ನಾವು ಎಲ್ಲಾರಿಗೂ ಆನೀನ ಒತ್ತೂದು."

"ಯಾರೂ ಕೇಳಿಲ್ಲೇನು?"

"ಮೊನ್ನೆ ಕಾಡಿನ ಸಾಹೇಬ್ರು ಫೋನ್ ಮಾಡಿದ್ರು, ಹಿಂಡು ಎಲ್ಲೈತಿ ಅಂತ."

"ಏನಂದಿ?"

"ರಾಮದುರ್ಗದ ಕಡಿ ದಾಟೇತ್ರಿ ಅಂದೆ."

ತೆಪ್ಪದ ಮೇಲೆ

ದೂರು ಮುಂದೆ ಹೋಯಿತು, ಹೊಲ ಹಿನ್ನೀರಲ್ಲೇ ಉಳಿಯಿತು. ಮರುದಿನವೇ ಗಡುವು. ಅಕ್ಕ ಅತ್ತಳು. ಆ ಊರಿನ ಸಮೀಕ್ಷೆ ಮಾಡುವಾಕೆ ಅಲ್ಲೇ ಬಟ್ಟೆ ಹೊಲಿಯುವ ಟೇಲರ್ ಬಾಯಿ. ಆ್ಯಪ್ ತೋರಿಸುವ ಹೊಲದ ಗಡಿಯೊಳಗೆ ಹೋದರಷ್ಟೇ ತನ್ನ ಫೋನಿನ ಕ್ಯಾಮೆರಾ ತೆರೆಯುತ್ತದೆ ಎಂದಳು.

"ಅದು ಹೊಲ ನೀರಾಗ ಐತಿ ಅಂದ್ರ ನೀರಾಗ ಹೋಗೂಣು. ಜಗಳ್ಯಾಕ?" ಎಂದು ಆಕೆಯೇ ದಾರಿ ತೋರಿದಳು.

ಅಕ್ಕ ನಾಲ್ಕು ಕಡಲೆ ಗಿಡಗಳನ್ನು ಮಣ್ಣು ಸಮೇತ ಕಿತ್ತು ಬುಟ್ಟಿಗೆ ಹಾಕಿದಳು. ಮೀನುಗಾರನೊಬ್ಬನ ತೆಪ್ಪ ಹತ್ತಿದೆವು. ಗಾಳಿಗೆ ತೆಪ್ಪ ಗಿರಗಿರ ತಿರುಗಿತು. ಫೋನಿನ ಚುಕ್ಕೆ ಹೊಲದೊಳಗೆ ಹೋಗುವುದು, ಹೊರಗೆ ಬರುವುದು.

"ಬಂತು ಬಂತು! ಕಾಕಾ, ಬುಟ್ಟಿ ಎತ್ತಿ ಹಿಡೀರಿ, ನೀರ ಕಾಣಬಾರದು!" ಎಂದು ಟೇಲರ್ ಬಾಯಿ ಕೂಗಿದಳು.

ಕ್ಯಾಮೆರಾ ತೆರೆಯಿತು. ಚಿತ್ರ ಬಿತ್ತು. ಸರಕಾರಕ್ಕೆ ಧಿಕ್ಕಾರ ಕೂಗಲು ಎತ್ತಿದ ಈ ಕೈಗಳು ಅಂದು ಸರಕಾರದ ಆ್ಯಪ್‌ಗೆ ಕಡಲೆ ಬುಟ್ಟಿ ಎತ್ತಿದ್ದವು. ಆ್ಯಪ್ ಕೊನೆಯದೊಂದು ಪ್ರಶ್ನೆ ಕೇಳಿತು: ಜಮೀನು ನೀರಾವರಿಯೋ, ಮಳೆಯನ್ನೇ ನಂಬಿದ ಖುಷ್ಕಿಯೋ?

ಟೇಲರ್ ಬಾಯಿ ಸುತ್ತಲೂ ನೋಡಿದಳು. ಕಣ್ಣು ಹಾಯುವಷ್ಟು ದೂರ ನೀರೇ ನೀರು. "ಯಕ್ಕಾ, ಏನ್ ಒತ್ತಲಿ?"

ಕಣ್ಣು ಮುಚ್ಚಿ, ತೆಪ್ಪದ ಅಂಚು ಗಟ್ಟಿಯಾಗಿ ಹಿಡಿದು, ಸೊಂಟದ ತನಕ ತೊಯ್ದು ಕುಳಿತಿದ್ದ ಅಕ್ಕ ಅಲ್ಲಿಂದಲೇ ಗದರಿದಳು:

"ಖುಷ್ಕಿ ಅಂತ ಒತ್ತವಾ! ಸರಕಾರಕ್ಕ ಸುಳ್ಳ ಹೇಳಬಾರದು. ನನ್ನ ಹೊಲದಾಗ ಹನಿ ನೀರಿಲ್ಲ!"

ಒತ್ತಿದಳು. ಹಸಿರು ಗುರುತು ಬಂತು.