ಒಳಕೋಣೆಯಲ್ಲಿ ಓಡಿದ ಐರ್ಲೆಂಡ್ ರೈಲು

ರೈಲು ಇರುವ ಊರಿನವರಿಗೆ ರೈಲಿನ ಹುಚ್ಚು ಹಿಡಿಯುವುದಿಲ್ಲ ಎಂಬುದು ನನ್ನ ಗಟ್ಟಿಯಾದ ನಂಬಿಕೆ. ಹಾವೇರಿಯವರನ್ನೇ ನೋಡಿರಿ. ದಿನಾ ಕಣ್ಣೆದುರಿಗೆ ಗಾಡಿ ಬರುತ್ತದೆ, ಹೋಗುತ್ತದೆ. ಅವರು ಎಮ್ಮೆ ಹಾದುಹೋಯಿತೇನೋ ಎಂಬಂತೆ ನೋಡಿ ಸುಮ್ಮನಾಗುತ್ತಾರೆ. ನಮ್ಮ ಹಿರೇಕೆರೂರಿಗೆ ರೈಲಿಲ್ಲ. ರೈಲು ನೋಡಬೇಕೆಂದರೆ ನಾವು ಮೋಟಾರಿನಲ್ಲಿ ಹಾವೇರಿಗೆ ಹೋಗಬೇಕು. ಯುದ್ಧ ಶುರುವಾಗಿ ಪೆಟ್ರೋಲು ಸಿಗದಂತಾದ ಮೇಲೆ ಆ ಮೋಟಾರೂ ಇದ್ದಲಿನ ಹೊಗೆಯಿಂದ ಓಡತೊಡಗಿತು. ಓಡತೊಡಗಿತು ಎನ್ನುವುದು ನನ್ನ ದಾಕ್ಷಿಣ್ಯದ ಮಾತು. ಏರು ಬಂದಲ್ಲೆಲ್ಲ ಅದು ನಿಲ್ಲುತ್ತಿತ್ತು, ಟಿಕೆಟ್ಟು ತೆಗೆಸಿದವರೇ ಇಳಿದು ನೂಕುತ್ತಿದ್ದರು. ಅಂಥ ಊರಿನಲ್ಲಿ ಅರಿವೆ ಅಂಗಡಿ ಇಟ್ಟುಕೊಂಡು ಕೂತ ನನಗೆ ರೈಲು ಮಾಡುವ ಹುಚ್ಚು ಹಿಡಿಯಿತು. ಅದೂ ನಮ್ಮ ರೈಲಲ್ಲ, ಐರ್ಲೆಂಡಿನ ರೈಲು.

ಐರ್ಲೆಂಡೇ ಯಾಕೆ ಎಂದು ಎಲ್ಲರೂ ಕೇಳುತ್ತಾರೆ. ಹುಬ್ಬಳ್ಳಿಯಲ್ಲಿ ಐರ್ಲೆಂಡಿನ ಒಬ್ಬ ಮುದುಕ ಇಂಜಿನಿಯರ ಸಾಹೇಬ ನೌಕರಿ ಮುಗಿಸಿ ತನ್ನ ದೇಶಕ್ಕೆ ಹೊರಟಾಗ ಮನೆಯ ಸಾಮಾನನ್ನೆಲ್ಲ ಲಿಲಾವು ಮಾಡಿದ. ಅಂಗಡಿಯ ಸೀರೆಗಳಿಗೆ ಇಲಿ ಕಾಟ ಹೆಚ್ಚಾಗಿತ್ತೆಂದು ನಾನು ಒಂದು ತಗಡಿನ ಟ್ರಂಕು ಕೊಂಡೆ. ಅದರ ತಳದಲ್ಲಿ ಅವನ ದೇಶದ ರೈಲುಗಳ ಚಿತ್ರಗಳಿದ್ದ ಹಳೆಯ ಮಾಸಪತ್ರಿಕೆಗಳ ಕಟ್ಟು ಇತ್ತು. ನನ್ನ ಇಂಗ್ಲಿಷು ಮ್ಯಾಟ್ರಿಕ್ಕಿನ ಬಾಗಿಲು ಮುಟ್ಟಿ ಹಿಂದಕ್ಕೆ ಬಂದದ್ದು. ಓದುವುದು ಕಡಿಮೆ, ನೋಡುವುದು ಹೆಚ್ಚು. ಹುಲ್ಲಿನ ಗುಡ್ಡ, ಕುರಿಗಳು, ಅವುಗಳ ನಡುವೆ ಆಟಿಗೆಯಂಥ ಪುಟ್ಟ ಇಂಜಿನು. ನೋಡುತ್ತ ನೋಡುತ್ತ ಗಿರಾಕಿಗಳನ್ನು ಮರೆತೆ. ಖಾದಿ ಟೋಪಿ ಹಾಕಿದವನು ಬಿಳಿಯರ ರೈಲಿಗೆ ಮರುಳಾಗಬಹುದೇ ಎಂದು ಓಣಿಯ ಹಿರಿಯರೊಬ್ಬರು ಕೆಣಕಿದರು. ಐರ್ಲೆಂಡಿನವರೂ ನಮ್ಮ ಹಾಗೆಯೇ ಇಂಗ್ಲಿಷರ ಜೊತೆ ಬಡಿದಾಡಿದವರು, ಅವರ ರೈಲು ಮಾಡುವುದು ಒಂದು ರೀತಿಯ ದೇಶಸೇವೆಯೇ ಎಂದು ನಾನು ಹೇಳಿದೆ. ಅವರು ಒಪ್ಪಿದರೋ ಇಲ್ಲವೋ, ನಾನಂತೂ ಒಪ್ಪಿದೆ.

ಒಬ್ಬನೇ ಇದ್ದರೆ ಅದು ಹುಚ್ಚು, ಮೂವರಾದರೆ ಅದಕ್ಕೆ ಹವ್ಯಾಸವೆಂದು ಹೆಸರು ಬರುತ್ತದೆ. ನನ್ನ ಪುಣ್ಯಕ್ಕೆ ಇನ್ನಿಬ್ಬರು ಸಿಕ್ಕರು. ಮೊದಲನೆಯವರು ರಾಘಪ್ಪ ಮಾಸ್ತರರು. ಶಾಲೆಯ ಮಾಸ್ತರರಲ್ಲ, ಪೋಸ್ಟ್ ಮಾಸ್ತರರು. ನಮ್ಮೂರಲ್ಲಿದ್ದಾಗ ಪತ್ರಿಕೆಗಳನ್ನು ಓದಿ ಅರ್ಥ ಹೇಳಲು ಬಂದವರು, ಹಾನಗಲ್ಲಿಗೆ ವರ್ಗವಾಗಿ ಹೋಗುವ ಹೊತ್ತಿಗೆ ನನಗಿಂತ ಕೆಟ್ಟುಹೋಗಿದ್ದರು. ಅವರು ರಟ್ಟಿನಲ್ಲಿ ಸ್ಟೇಶನ್ನು ಮಾಡುವುದರಲ್ಲಿ ನಿಸ್ಸೀಮರು. ಎರಡನೆಯವರು ಸವಣೂರಿನ ಇಮಾಮಸಾಹೇಬರು, ಗಡಿಯಾರ ರಿಪೇರಿಯವರು. ಕೆಟ್ಟ ಗಡಿಯಾರದ ಸ್ಪ್ರಿಂಗಿನಿಂದ ಇಂಜಿನು ಓಡಿಸಬಹುದೇ ಎಂದು ಕೇಳಲು ಹೋಗಿದ್ದೆ. ಅವರು ಕಣ್ಣಿನ ಭೂತಗನ್ನಡಿ ತೆಗೆದು, ಗಿರಾಕಿಯ ಗಡಿಯಾರವನ್ನು ಪಕ್ಕಕ್ಕೆ ಸರಿಸಿ, ಚಿತ್ರವನ್ನು ನೋಡುತ್ತ ಕೂತರು. ಆ ಗಿರಾಕಿಗೆ ಗಡಿಯಾರ ಯಾವಾಗ ಸಿಕ್ಕಿತೋ ದೇವರೇ ಬಲ್ಲ. ಮೂವರೂ ಆಗಾಗ ಒಬ್ಬರ ಮನೆಯಲ್ಲಿ ಸೇರುತ್ತಿದ್ದೆವು. ಇಮಾಮಸಾಹೇಬರು ಸವಣೂರ ಎಲೆ ತರುತ್ತಿದ್ದರು, ಮಾಸ್ತರರು ವಾದ ತರುತ್ತಿದ್ದರು. ಇಂಜಿನು ಹಸಿರೋ ಕಪ್ಪೋ ಎಂಬ ಒಂದೇ ಮಾತಿನ ಮೇಲೆ ಎಲೆಯ ಕಟ್ಟು ಮುಗಿದುಹೋಗುತ್ತಿತ್ತು. ಚಿತ್ರಗಳಲ್ಲಿ ಬಣ್ಣವಿರದ ಕಾರಣ ಯಾರೂ ಸೋಲುತ್ತಿರಲಿಲ್ಲ.

ಆ ಕಟ್ಟಿನಲ್ಲಿ ಒಂದು ವಿಚಿತ್ರ ರೈಲಿನ ಚಿತ್ರವಿತ್ತು. ಅದಕ್ಕೆ ಹಳಿ ಒಂದೇ. ಅದೂ ನೆಲದ ಮೇಲಲ್ಲ. ಕವೆಗೋಲುಗಳನ್ನು ಸಾಲಾಗಿ ನಿಲ್ಲಿಸಿ ಅವುಗಳ ನೆತ್ತಿಯ ಮೇಲೆ ಹಾಸಿದ ಹಳಿ. ಎತ್ತಿನ ಬೆನ್ನ ಮೇಲೆ ಹೇರು ಹೇರಿದ ಹಾಗೆ ಡಬ್ಬಿಗಳು ಅದರ ಎರಡೂ ಮಗ್ಗುಲಿಗೆ ಇಳಿಬಿದ್ದಿರುತ್ತಿದ್ದವು. ಎಡಕ್ಕೆ ಒಬ್ಬ ಧಡೂತಿ ಕೂತರೆ ಬಲಕ್ಕೆ ಇನ್ನೊಬ್ಬ ಧಡೂತಿಯನ್ನು ಹುಡುಕಿ ಕೂಡಿಸಬೇಕು. ಯಾರೋ ಪಿಯಾನೋ ಕಳಿಸಿದಾಗ ಇನ್ನೊಂದು ಮಗ್ಗುಲಿಗೆ ಆಕಳನ್ನು ಹತ್ತಿಸಿದರೆಂದು ಮಾಸ್ತರರು ಓದಿ ಹೇಳಿದರು. ಆ ರೈಲು ನಿಂತುಹೋಗಿ ಬಹಳ ವರ್ಷವಾಗಿತ್ತಂತೆ. ಆದರೇನು, ಹೇರೆತ್ತಿನ ನಾಡಿನಲ್ಲಿ ಹುಟ್ಟಿದ ನನಗೆ ಅದು ಪರದೇಶದ ರೈಲು ಅನ್ನಿಸಲೇ ಇಲ್ಲ. ಇದನ್ನು ಮಾಡಿಯೇ ತೀರುತ್ತೇನೆ ಎಂದು ಇಬ್ಬರ ಮುಂದೆ ಹೇಳಿಬಿಟ್ಟೆ.

ಅಂಗಡಿಗೆ ಬರುವ ಅರಿವೆ ಗಂಟುಗಳಿಗೆ ಬಿಗಿದ ಕಬ್ಬಿಣದ ಪಟ್ಟಿಯೇ ಹಳಿಯಾಯಿತು. ದರ್ಜಿಯಿಂದ ತಂದ ದಾರದ ಖಾಲಿ ರೀಲುಗಳು ಗಾಲಿಗಳಾದವು. ಇಂಜಿನಿನೊಳಗೆ ಇಮಾಮಸಾಹೇಬರು ಕೀಲಿಯಿಂದ ತಿರುವುವ ಗಡಿಯಾರದ ಸ್ಪ್ರಿಂಗು ಕೂಡಿಸಿದರು. ಡಬ್ಬಿಗಳನ್ನು ಜೋಳದ ದಂಟಿನ ಬೆಂಡಿನಿಂದ ಮಾಡಿದೆ. ಚಿಕ್ಕಂದಿನಲ್ಲಿ ಬೆಂಡಿನ ಚಕ್ಕಡಿ ಮಾಡಿದ ಕೈ ಅದನ್ನು ಮರೆತಿರಲಿಲ್ಲ. ಅರಳೆಯಿಂದ ಕುರಿಗಳಾದವು. ಇಷ್ಟನ್ನೂ ಇಡಲು ಗಾಳಿ ಬೀಸದ, ಮಕ್ಕಳು ನುಗ್ಗದ ಜಾಗ ಬೇಕಿತ್ತು. ಮನೆಯ ಒಳಕೋಣೆಯಲ್ಲಿ, ಗೋಡೆಯಿಂದ ಗೋಡೆಗೆ, ಮಣ್ಣಿನ ನೆಲದಲ್ಲಿ ಬಿದಿರಿನ ಕವೆಗಳನ್ನು ನೆಟ್ಟೆ. ನನ್ನ ಹೆಂಡತಿ ಗಂಗವ್ವ ಆ ಕೋಣೆಯ ನೆಲ ಸಾರಿಸುವುದನ್ನು ಅಂದಿನಿಂದ ಬಿಟ್ಟಳು. ನನ್ನ ಜೊತೆ ಮಾತಾಡುವುದನ್ನೂ ಸ್ವಲ್ಪ ದಿನ ಬಿಟ್ಟಿದ್ದಳು. ರೈಲಿನ ಕೆಲಸ ಬಹಳ ಮುಂದುವರಿದದ್ದು ಆಗಲೇ.

ತೊಡಕು ಬಂದದ್ದು ಮಗಳಿಂದ. ಶಿಗ್ಗಾಂವಕ್ಕೆ ಕೊಟ್ಟ ನಮ್ಮ ನೀಲವ್ವ ಚೊಚ್ಚಲ ಬಸುರಿ. ಹೆರಿಗೆಗೆ ತವರಿಗೆ ಬರುವವಳಿದ್ದಳು. ಬಾಣಂತಿಗೆ ಗಾಳಿ ತಾಗದ ಕೋಣೆ ಬೇಕು, ಮನೆಯಲ್ಲಿ ಅಂಥದು ಒಂದೇ. ಗಂಗವ್ವ ಸೊಂಟದ ಮೇಲೆ ಕೈಯಿಟ್ಟು ಬಾಗಿಲಲ್ಲಿ ನಿಂತಳು.

“ಮಗಳು ಬರೂದರೊಳಗ ಈ ಕೋಣಿ ಖಾಲಿ ಆಗಬೇಕ್ರಿ. ಮೊಮ್ಮಗ ಹುಟ್ಟೂದು ಇಲ್ಲೆ, ನಿಮ್ಮ ರೈಲಿನ್ಯಾಗಲ್ಲ.”

ಮಗಳಿಗಿಂತ ರೈಲು ಹೆಚ್ಚೇ ಎಂದು ನೀವು ಕೇಳಬಹುದು. ಅಲ್ಲ. ಆದರೆ ಆ ರೈಲು ಇನ್ನೂ ಒಮ್ಮೆಯೂ ಓಡಿರಲಿಲ್ಲ. ಓಡದ ರೈಲನ್ನು ಕಿತ್ತುಹಾಕುವ ಸಂಕಟ ಮಾಡಿದವನಿಗೇ ಗೊತ್ತು. ಒಂದೇ ಒಂದು ಸಲ, ಈ ಗೋಡೆಯಿಂದ ಆ ಗೋಡೆಯವರೆಗೆ, ಗೆಳೆಯರಿಬ್ಬರ ಎದುರಿಗೆ ಬೀಳದೆ ಓಡಲಿ. ಅಂದೇ ನಾನೇ ಕಿತ್ತು ಅಟ್ಟಕ್ಕೆ ಹಾಕುತ್ತೇನೆ ಎಂದು ಬೇಡಿಕೊಂಡೆ. ಬೀಗರು ಮಗಳನ್ನು ಮಂಗಳವಾರಕ್ಕೆ ಮುಟ್ಟಿಸುತ್ತೇವೆಂದು ಹೇಳಿಕಳಿಸಿದ್ದರು. ನಾನು ಗೆಳೆಯರನ್ನು ಅದರ ಹಿಂದಿನ ರವಿವಾರ ಕರೆದೆ. ಮಾಸ್ತರರಿಗೆ ರಜೆ ಇರುವುದು ಅಂದೇ. ಗಂಗವ್ವ ಒಪ್ಪಿದಳು. ಇಬ್ಬರೂ ಮರೆತದ್ದು ಒಂದು ಸಣ್ಣ ಸಂಗತಿ. ನಡುವೆ ಸೋಮವಾರ ಅಮಾವಾಸ್ಯೆ ಇತ್ತು. ಶಿಗ್ಗಾಂವದಿಂದ ನಮ್ಮೂರಿಗೆ ಬರಲು ಎತ್ತಿನ ಗಾಡಿಯಲ್ಲಿ ನಡುವೆ ಒಂದು ವಸ್ತಿ ಬೇಕೇ ಬೇಕು. ಮಂಗಳವಾರ ತಲುಪಬೇಕಾದರೆ ಅಮಾವಾಸ್ಯೆಯ ದಿನವೇ ಹೊರಡಬೇಕು. ಬಸುರಿ ಸೊಸೆಯನ್ನು ಅಮಾವಾಸ್ಯೆಯಲ್ಲಿ ಹೊಸ್ತಿಲು ದಾಟಿಸುವ ಬೀಗರು ನಮ್ಮ ಸೀಮೆಯಲ್ಲಿ ಹುಟ್ಟಿಲ್ಲ.

ರವಿವಾರ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಮೂವರೂ ಕೋಣೆಯಲ್ಲಿದ್ದೆವು. ನಾನು ಧೋತರದ ಕಚ್ಚೆ ಬಿಗಿದು ನೆಲದ ಮೇಲೆ ಅಂಬೆಗಾಲಲ್ಲಿದ್ದೆ. ಇಮಾಮಸಾಹೇಬರು ಕೀಲಿ ಕೊಟ್ಟರು, ಮಾಸ್ತರರು ಹಸಿರು ನಿಶಾನೆ ತೋರಿಸಿದರು. ಇಂಜಿನು ಒಂದು ಮಾರು ಹೋಗಿ, ನಿದ್ದೆ ಬಂದವರಂತೆ ಎಡಕ್ಕೆ ವಾಲಿ, ಡಬ್ಬಿಗಳ ಸಮೇತ ಮಗುಚಿಬಿತ್ತು. ಮತ್ತೆ ಇಟ್ಟೆವು, ಮತ್ತೆ ಬಿತ್ತು. ಮಾಸ್ತರರು ತಾವು ಹೊಲಿದು ತಂದ ಬೆರಳುದ್ದದ ಟಪಾಲು ಚೀಲ ಎಡಗಡೆಯ ಡಬ್ಬಿಯಲ್ಲೇ ಇರಬೇಕೆಂದು ಹಟ ಹಿಡಿದಿದ್ದರು. ತಪ್ಪು ಟಪಾಲಿನದೆಂದು ಇಮಾಮಸಾಹೇಬರು, ಸ್ಪ್ರಿಂಗಿನದೆಂದು ಮಾಸ್ತರರು. ನಾನು ನೆಲಕ್ಕೆ ಗಲ್ಲವಿಟ್ಟು ಹಳಿಯ ಮಟ್ಟ ನೋಡುತ್ತಿದ್ದೆ. ಆಗ ಬಾಗಿಲು ತೆರೆಯಿತು. ನನ್ನ ಕಣ್ಣಿಗೆ ಮೊದಲು ಕಂಡದ್ದು ಒಂದು ಜೊತೆ ಕಿರ್ರೆನ್ನುವ ಜೋಡುಗಳು. ಇಂಥ ಜೋಡು ಮೆಟ್ಟುವವರು ನನಗೆ ಗೊತ್ತಿದ್ದಂತೆ ಒಬ್ಬರೇ.

ಶಿಗ್ಗಾಂವದ ನಮ್ಮ ಬೀಗರು ವೀರಭದ್ರಪ್ಪನವರು ಕಾಳಿನ ವ್ಯಾಪಾರಿಗಳು. ಮಾತು ಕಡಿಮೆ, ಮೀಸೆ ಹೆಚ್ಚು. ಹೆಣ್ಣು ಕೊಟ್ಟವರಿಗೆ ಬೀಗರ ಮುಂದೆ ಕೆಮ್ಮಲೂ ಅಂಜಿಕೆ; ನಾನಂತೂ ಅವರ ಮುಂದೆ ಟೋಪಿಯಿಲ್ಲದೆ ನಿಂತವನಲ್ಲ. ಈಗ ಟೋಪಿಯಿಲ್ಲ, ನಿಂತೂ ಇರಲಿಲ್ಲ. ಅವರ ಹಿಂದೆ ನೀಲವ್ವ ಸೆರಗಿನಲ್ಲಿ ನಗು ಮುಚ್ಚಿಕೊಂಡಿದ್ದಳು. ಅವಳ ಹಿಂದೆ ಗಂಗವ್ವ. ಅವಳ ಮುಖವನ್ನು ನಾನು ನೋಡಲಿಲ್ಲ, ನೋಡುವ ಧೈರ್ಯವೂ ಇರಲಿಲ್ಲ. ಅಮಾವಾಸ್ಯೆ ತಪ್ಪಿಸಲು ಶನಿವಾರವೇ ಗಾಡಿ ಹೂಡಿ, ತವರಿನ ಬಾಣಂತಿ ಕೋಣೆ ಹೇಗಿದೆಯೆಂದು ಬೀಗರು ತಾವೇ ನೋಡಲು ಬಂದಿದ್ದರು. ನಾಳೆ ಶಿಗ್ಗಾಂವದ ಪೇಟೆಯಲ್ಲಿ ನನ್ನ ಮಾನ ಕಾಳಿನ ಜೊತೆ ಹರಾಜಾಗುವುದು ಖಂಡಿತ ಎಂದುಕೊಂಡೆ. ನನ್ನ ಮಗಳು ಆ ಮನೆಯಲ್ಲಿ ಜೀವಮಾನವಿಡೀ ಹುಚ್ಚಪ್ಪನ ಮಗಳು ಅನ್ನಿಸಿಕೊಳ್ಳಬೇಕು.

ಬೀಗರು ಬಹಳ ಹೊತ್ತು ಬಿದ್ದ ರೈಲನ್ನೇ ನೋಡಿದರು. ಆಮೇಲೆ ಜೋಡು ಹೊರಗೆ ಬಿಟ್ಟು ಬಂದು, ನನ್ನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು.

“ಎಡಕ್ಕ ಹೇರು ಜಾಸ್ತಿ ಆಗೇತ್ರಿ,” ಎಂದರು.

ಅವರ ತಂದೆಯ ಕಾಲದಲ್ಲಿ ಮನೆಯಲ್ಲಿ ಹೇರೆತ್ತುಗಳ ಸಾಲೇ ಇತ್ತಂತೆ. ಒಂದು ಮಗ್ಗುಲಿಗೆ ಜಗ್ಗಿದ ಹೇರನ್ನು ನೋಡಿ ಸುಮ್ಮನಿರುವುದು ಅವರ ರಕ್ತದಲ್ಲೇ ಇರಲಿಲ್ಲ. ಕಾಳಿನ ವ್ಯಾಪಾರಿಗಳು ಅಂಗಿಯ ಕಿಸೆಯಲ್ಲಿ ನಮೂನೆಯ ಕಾಳು ಇಟ್ಟುಕೊಂಡೇ ತಿರುಗುತ್ತಾರೆ. ಬೀಗರು ಕಿಸೆಯಿಂದ ಜೋಳದ ಪುಟ್ಟ ಗಂಟು ತೆಗೆದರು. ಬಲಗಡೆಯ ಡಬ್ಬಿಗೆ ನಾಲ್ಕು ಕಾಳು ಹಾಕಿ, ಬೆರಳಿನಿಂದ ಮುಟ್ಟಿ ನೋಡಿ, ಮತ್ತೆರಡು ಹಾಕಿ, ಒಂದನ್ನು ತೆಗೆದರು. ಮಾಸ್ತರರು ಟಪಾಲಿನ ಮಾತೆತ್ತಲು ಬಾಯಿ ತೆರೆದು, ಮೀಸೆ ನೋಡಿ ಮುಚ್ಚಿಕೊಂಡರು. ಇಮಾಮಸಾಹೇಬರು ಕೀಲಿ ಕೊಟ್ಟರು. ರೈಲು ಹೊರಟಿತು. ಅರಳೆಯ ಕುರಿಗಳನ್ನು ದಾಟಿತು, ಮಾಸ್ತರರ ಸ್ಟೇಶನ್ನು ದಾಟಿತು, ಹೇರು ಹೊತ್ತ ಎತ್ತಿನಂತೆ ಸಣ್ಣಗೆ ತೂಗುತ್ತ ಹೋಗಿ ಆಚೆಯ ಗೋಡೆಗೆ ಮೆಲ್ಲಗೆ ಹಣೆ ತಾಗಿಸಿ ನಿಂತಿತು. ನನ್ನ ಕಣ್ಣಲ್ಲಿ ನೀರು ಬಂತು. ಯಾರೂ ನೋಡಲಿಲ್ಲ, ಎಲ್ಲರೂ ರೈಲನ್ನೇ ನೋಡುತ್ತಿದ್ದರು.

ಬೀಗರು ಇನ್ನೊಮ್ಮೆ ಬಿಡಿಸಿದರು, ಆಮೇಲೆ ಮತ್ತೊಮ್ಮೆ. ಗಂಗವ್ವ ಊಟಕ್ಕೆ ಕರೆದಳು, ಹೋಳಿಗೆ ಆರಿತೆಂದು ಮತ್ತೆ ಕರೆದಳು. ಬೀಗರು ಏಳಲಿಲ್ಲ. ಈಗ ಜೋಳವನ್ನು ಎಡಕ್ಕೆ, ಕಡಲೆಯನ್ನು ಬಲಕ್ಕೆ ಹಾಕಿ ನೋಡುವುದು ನಡೆದಿತ್ತು. ಕಡೆಗೆ ಎದ್ದು ಮೊಣಕಾಲು ಝಾಡಿಸುತ್ತ, ಬಹಳ ಚಲೋ ಆಗಿದೆ ಎಂದರು. ಅವರ ಬಾಯಿಂದ ಅಷ್ಟು ಹೊಗಳಿಕೆಯನ್ನು ನಾನು ಮದುವೆಯ ಊಟಕ್ಕೂ ಕೇಳಿರಲಿಲ್ಲ. ಸಂತೋಷದಲ್ಲಿ ಬಾಯಿ ತಾನಾಗಿ ಆಡಿತು.

“ನಿಮ್ಮದ ಐತಿ ಅಂತ ತಿಳೀರಿ.”

ಇದು ನಾವೆಲ್ಲ ಆಡುವ ಮಾತು. ಎತ್ತು ಹೊಗಳಿದವರಿಗೆ ಹೇಳುತ್ತೇವೆ, ಹೊಸ ಮನೆ ಹೊಗಳಿದವರಿಗೆ ಹೇಳುತ್ತೇವೆ. ಯಾರೂ ಎತ್ತು ಬಿಚ್ಚಿಕೊಂಡು ಹೋಗುವುದಿಲ್ಲ. ಆದರೆ ಗಂಡಿನ ಕಡೆಯ ಬೀಗರ ಲೆಕ್ಕವೇ ಬೇರೆ. ವೀರಭದ್ರಪ್ಪನವರು ಮೀಸೆ ತಿದ್ದಿಕೊಂಡರು.

“ಹಂಗಾರ ನಾ ಹೊರಡೂ ಮುಂದ ಗಾಡ್ಯಾಗ ಇಡಸ್ರಿ,” ಎಂದರು.

ಬೀಗರು ಕೇಳಿದ್ದಕ್ಕೆ ಇಲ್ಲ ಅನ್ನುವ ಧೈರ್ಯವಿದ್ದವರು ಹೆಣ್ಣು ಕೊಡಲು ಹೋಗಬಾರದು. ನಾನು ಗೆಳೆಯರತ್ತ ನೋಡಿದೆ. ಮಾಸ್ತರರು ಹಸಿರು ನಿಶಾನೆಯನ್ನು ಕಿಸೆಗೆ ಹಾಕಿಕೊಂಡರು. ಇಮಾಮಸಾಹೇಬರು ನಿಟ್ಟುಸಿರು ಬಿಟ್ಟು ಕೀಲಿಯನ್ನು ಬೀಗರ ಕೈಗೆ ಕೊಟ್ಟು, ಬಹಳ ಬಿಗಿಯಾಗಿ ತಿರುವಬೇಡಿರೆಂದು ಮಗಳನ್ನು ಒಪ್ಪಿಸುವವರ ದನಿಯಲ್ಲಿ ಹೇಳಿದರು. ಅಮಾವಾಸ್ಯೆ ಕಳೆದ ಮೇಲೆ ಗಾಡಿ ಹೊರಟಿತು. ಡಬ್ಬಿಗಳನ್ನು ಸುತ್ತಲು ಗಂಗವ್ವ ತಾನಾಗಿಯೇ ಹೊಸ ಅರಿವೆಯ ತುಂಡು ತಂದುಕೊಟ್ಟಳು. ಅಷ್ಟು ಉತ್ಸಾಹದಿಂದ ಅವಳು ನನ್ನ ರೈಲನ್ನು ಮುಟ್ಟಿದ್ದು ಅದೇ ಮೊದಲು. ಗಾಡಿ ಓಣಿಯ ತಿರುವು ದಾಟುವ ಮೊದಲೇ ಕೋಣೆ ಸಾರಿಸಿ ಮುಗಿದಿತ್ತು.

ಆ ಕೋಣೆಯಲ್ಲೇ ಮೊಮ್ಮಗ ಹುಟ್ಟಿದ. ಮಗು ಗುಂಡಗಿತ್ತು, ಮನೆ ತುಂಬ ಲೋಬಾನದ ಹೊಗೆ, ಎಣ್ಣೆಯ ವಾಸನೆ, ಜೋಗುಳ. ನಾನು ಸುಖವಾಗಿಯೇ ಇದ್ದೆ. ಆದರೆ ಶಿಗ್ಗಾಂವದ ಸುದ್ದಿಗಳು ಬರತೊಡಗಿದವು. ಶಿಗ್ಗಾಂವ ದೊಡ್ಡ ರಸ್ತೆಯ ಮೇಲಿದೆ, ಹಾನಗಲ್ಲಿಗೂ ಸವಣೂರಿಗೂ ಹತ್ತಿರ. ನನ್ನ ಗೆಳೆಯರಿಬ್ಬರೂ ಈಗ ಅಲ್ಲಿ ಸೇರುತ್ತಿದ್ದರು. ನಾನೂ ಹೋಗಬೇಕಲ್ಲ? ಆದರೆ ಹೆಣ್ಣು ಕೊಟ್ಟವನು ಕಾರಣವಿಲ್ಲದೆ ಬೀಗರ ಮನೆಗೆ ಎಡತಾಕಿದರೆ ಮರ್ಯಾದೆ ಉಳಿಯುವುದಿಲ್ಲ. ಮಗಳು ಅಲ್ಲಿದ್ದರೆ ಅವಳನ್ನು ನೋಡಲು ಬಂದೆ ಎನ್ನಬಹುದಿತ್ತು. ಮಗಳು ನನ್ನ ಮನೆಯಲ್ಲೇ ಇದ್ದಳು. ಕೊನೆಗೆ ಮೊಮ್ಮಗನ ಸುದ್ದಿ ಹೇಳುವ ನೆಪ ಹೂಡಿದೆ. ಮಗು ನಕ್ಕಿತೆಂದು ಹೇಳಲು ಒಮ್ಮೆ ಹೋದೆ, ಮಗ್ಗುಲಾಯಿತೆಂದು ಹೇಳಲು ಮತ್ತೊಮ್ಮೆ. ಮಗುವಿಗೆ ನೆಗಡಿಯಾದರೂ ನಾನು ಚೀಲ ಹುಡುಕುತ್ತಿದ್ದೆ. ಅಂಚೆಯವರ ಗೆಳೆಯನಾದವನು ಒಂದು ಕಾರ್ಡು ಬರೆಯಬಾರದೇ ಎಂದು ಗಂಗವ್ವ ಕೇಳಿದಳು. ಇಂಥ ಸುದ್ದಿಯನ್ನು ಬಾಯಿಂದಲೇ ಹೇಳಬೇಕೆಂದೆ.

ಅಲ್ಲಿ ನನ್ನ ಸ್ಥಿತಿ ಹೇಗಿತ್ತೆಂದರೆ, ರೈಲಿಗೆ ನಾನು ಪರಕೀಯ. ಕೀಲಿ ಬೀಗರ ಕೊರಳಲ್ಲಿ, ಶಿವದಾರದ ಪಕ್ಕದಲ್ಲಿ. ಅವರು ಐರ್ಲೆಂಡಿನ ಇಂಜಿನಿಗೆ ವಿಭೂತಿ ಪಟ್ಟೆ ಬಳಿಸಿದ್ದರು. ಐರ್ಲೆಂಡು ಕಾಶಿಯ ಆಚೆಗೆ ಎಲ್ಲೋ ಇದೆಯೆಂದು ನೆರೆಯವರಿಗೆ ತಿಳಿಸುತ್ತಿದ್ದರು. ಬೀಗರ ಮಾತಿಗೆ ಎದುರಾಡುವ ಹಾಗಿಲ್ಲ. ಹೌದ್ರಿ, ಕಾಶಿ ದಾಟಿಯೇ ಹೋಗಬೇಕ್ರಿ ಎಂದೆ. ಅದು ಸುಳ್ಳೇನೂ ಅಲ್ಲ ಎಂದು ಮಾಸ್ತರರು ಆಮೇಲೆ ಸಮಾಧಾನ ಹೇಳಿದರು. ಪಟ್ಟೆ ಬಳಿದ ಇಂಜಿನು ಮಾತ್ರ ಹಿಂದಿಗಿಂತ ಚೆಂದ ಕಾಣುತ್ತಿತ್ತು. ನಾಲ್ವರೂ ನೆಲದ ಮೇಲೆ ಕೂತು, ಎಲೆ ಮೆಲ್ಲುತ್ತ, ಎರಡೂ ಮಗ್ಗುಲಿಗೆ ಕಾಳು ಹಾಕಿ ತೂಗುತ್ತಿದ್ದ ಆ ಮಧ್ಯಾಹ್ನಗಳಷ್ಟು ನೆಮ್ಮದಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಐದು ತಿಂಗಳು ತುಂಬಿ ಬಾಣಂತಿಯನ್ನು ಕಳಿಸುವ ದಿನ ಬಂತು. ಬೀಗರ ಸವಾರಿ ಗಾಡಿ ಬಾಗಿಲಿಗೆ ನಿಂತಿತು. ಗಂಗವ್ವ ಉಡಿ ತುಂಬುತ್ತ ಅತ್ತಳು, ನೀಲವ್ವ ಅವ್ವನ ಕೊರಳು ತಬ್ಬಿ ಅತ್ತಳು, ಓಣಿಯ ಹೆಂಗಸರೂ ಸೆರಗಿನಿಂದ ಕಣ್ಣೊರೆಸಿಕೊಂಡರು. ತೊಟ್ಟಿಲು ಏರಿತು, ಗಂಟುಗಳು ಏರಿದವು. ಅಪ್ಪ ಎಲ್ಲಿ, ಮಗಳನ್ನು ಮುಟ್ಟಿಸಿ ಬರಬೇಕಲ್ಲ ಎಂದು ಹುಡುಕಾಟ ನಡೆಯಿತು. ನಾನು ಗಾಡಿಯೊಳಗೆ ಆಗಲೇ ಮೆತ್ತಗೆ ಜಾಗ ಮಾಡಿಕೊಂಡು, ಹೊಸ ಡಬ್ಬಿಗೆಂದು ಕೆತ್ತಿದ ಬೆಂಡನ್ನು ಶಾಲಿನೊಳಗೆ ಮುಚ್ಚಿಟ್ಟುಕೊಂಡು ಕೂತಿದ್ದೆ. ಗಂಗವ್ವ ಕಣ್ಣೊರೆಸಿಕೊಳ್ಳುತ್ತ ಬಂದು ಗಾಡಿಯ ಪರದೆ ಸರಿಸಿ ನೋಡಿದಳು.

“ಏನ್ರಿ, ಗಂಡನ ಮನಿಗೆ ಹೊಂಟಾಕಿ ಆಕೀನೋ, ನೀವೋ?” ಎಂದಳು.