ಅತ್ತೆ ಓದಿದ ಒಂದೇ ಕಾದಂಬರಿ

ನಮ್ಮ ಅತ್ತೆ ಜೀವಮಾನದಲ್ಲಿ ಓದಿದ್ದು ಒಂದೇ ಒಂದು ಕಾದಂಬರಿ. ಓದಿ ಮುಗಿಸಿದ ಮೇಲೆ ಬೀದರ ಜಿಲ್ಲೆಯಲ್ಲಿ ಒಬ್ಬರನ್ನೂ ನೆಮ್ಮದಿಯಿಂದ ಇರಗೊಡಲಿಲ್ಲ! ನೂರಾರು ಕಾದಂಬರಿ ಓದಿ ತೆಪ್ಪಗಿರುವವರನ್ನು ನೀವು ನೋಡಿರಬಹುದು. ಒಂದೇ ಒಂದನ್ನು ಓದಿ ಊರನ್ನೆಲ್ಲ ವಿಚಾರಣೆಗೆ ನಿಲ್ಲಿಸಿದವರನ್ನು ನೋಡಿದ್ದೀರಾ?

ಆ ಪುಸ್ತಕ ಕೊಟ್ಟ ಪಾಪಿ ನಾನೇ. ಅತ್ತೆ ನಮ್ಮ ತಂದೆಯ ಅಕ್ಕ. ಮೂವತ್ತು ವರ್ಷ ಹಳ್ಳಿಹಳ್ಳಿಯಲ್ಲಿ ನರ್ಸಾಗಿ ದುಡಿದು, ನಿವೃತ್ತಳಾಗಿ ಬೀದರಿನ ಚಿದ್ರಿಯಲ್ಲಿ ಮನೆ ಮಾಡಿದ್ದಳು. ಸೂಜಿ ಚುಚ್ಚಲು ಯಾರೂ ಸಿಗದೆ ಚಡಪಡಿಸುತ್ತಿದ್ದಳು. ಹಾಲು ಹಾಕಲು ಬಂದವನ ನಾಲಿಗೆಯನ್ನೂ ಹೊರಗೆ ಹಾಕಿಸಿ ನೋಡುತ್ತಿದ್ದಳು. ಇದಕ್ಕೇನಾದರೂ ಮದ್ದು ಬೇಕೆಂದು, ಭಾಲ್ಕಿಯಲ್ಲಿ ನಾನು ಪಾಠ ಹೇಳುವ ಕಾಲೇಜಿನ ಲೈಬ್ರರಿಯಿಂದ ಒಂದು ಪುಸ್ತಕ ತಂದುಕೊಟ್ಟೆ. ಅಮೆರಿಕದ ಹಳೆಯ ಹೆಸರಾಂತ ಕಾದಂಬರಿ, ಕನ್ನಡಕ್ಕೆ ಬಂದದ್ದು. ಬಿಳಿಯನೊಬ್ಬನ ಬಣವೆಗೆ ಬೆಂಕಿ ಹಚ್ಚಿದನೆಂದು ಕರಿಯ ಬಡಗಿಯೊಬ್ಬನನ್ನು ಹಿಡಿಯುತ್ತಾರೆ. ಹಚ್ಚಿದವನು ಬೇರೆಯವನು. ಪಕ್ಕದ ಮನೆಯ ಬಿಳಿಯ ಹೆಂಗಸು ಅದನ್ನು ಕಿಟಕಿಯಿಂದ ಕಣ್ಣಾರೆ ಕಂಡಿರುತ್ತಾಳೆ. ಕೋರ್ಟಿನಲ್ಲಿ ಮಾತ್ರ ಬಾಯಿ ಬಿಡುವುದಿಲ್ಲ. ಬಡಗಿಗೆ ಶಿಕ್ಷೆಯಾಗುತ್ತದೆ.

ಪುಸ್ತಕ ವಾಪಸು ಬಂದಾಗ ಅದರ ಅಂಚಿನ ತುಂಬ ಕೆಂಪು ಶಾಯಿ! ರೋಗಿಯ ಚೀಟಿ ಬರೆದ ಕೈ ಸುಮ್ಮನಿದ್ದೀತೇ? ಸುಳ್ಳುಸಾಕ್ಷಿಯ ಪಕ್ಕದಲ್ಲಿ ‘ನಾಲಿಗೆ ತಪಾಸಣೆ ಅಗತ್ಯ’. ತೀರ್ಪಿನ ಪಕ್ಕದಲ್ಲಿ ‘ನ್ಯಾಯಾಧೀಶನಿಗೆ ಕಿವಿ ಮಂದ’. ನಮ್ಮ ಲೈಬ್ರರಿಯನ್ ಸಾಹೇಬರು ಕೆಂಡಾಮಂಡಲವಾದರು. ಹಾಳಾದ ಪುಟಗಳ ಪಟ್ಟಿ ಮಾಡುತ್ತೇನೆಂದು ಪುಸ್ತಕವನ್ನು ಮನೆಗೊಯ್ದರು. ಎರಡು ದಿನ ಬಿಟ್ಟು ತಂದಾಗ ನೋಡಿದರೆ ಅತ್ತೆಯ ಕೆಂಪಕ್ಷರದ ಕೆಳಗೆ ಪೆನ್ಸಿಲ್ಲಿನಲ್ಲಿ ಅವರದೇ ಅಕ್ಷರ: ‘ಇಲ್ಲ. ಕಿವಿ ಚೆನ್ನಾಗಿ ಕೇಳುತ್ತದೆ. ಅದೇ ತೊಂದರೆ.’

ಆ ಉತ್ತರ ಓದಲೇಬೇಕೆಂದು ಅತ್ತೆ ಪುಸ್ತಕವನ್ನು ಮತ್ತೆ ತರಿಸಿಕೊಂಡಳು. ಅಲ್ಲಿಗೆ ಮುಗಿಯಿತೆಂದುಕೊಂಡೆ. ಮರುವಾರ ಅತ್ತೆ ಮೊದಲ ಬಸ್ಸಿಗೇ ಭಾಲ್ಕಿಗೆ ಬಂದು ನೇರವಾಗಿ ನನ್ನ ತರಗತಿಗೆ ನುಗ್ಗಿದಳು. ಕಂಚಿ ಸೀರೆ, ಕೈಯಲ್ಲಿ ಛತ್ರಿ, ಕಂಕುಳಲ್ಲಿ ಪುಸ್ತಕ. ಮೇಲಿನವರು ಯಾರೋ ತಪಾಸಣೆಗೆ ಬಂದರೆಂದು ಹುಡುಗರು ಎದ್ದು ನಿಂತರು. ಗಾಬರಿಯಲ್ಲಿ ನಾನೂ ನಿಂತೇ ಇದ್ದೆ. ಕಥೆಯನ್ನು ಐದು ನಿಮಿಷದಲ್ಲಿ ಒದರಿ, ಆ ಹೆಂಗಸು ಯಾಕೆ ಬಾಯಿ ಬಿಡಲಿಲ್ಲ ಎಂದು ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳಿದಳು. ಹಿಂದಿನ ಬೆಂಚಿನವನೊಬ್ಬ, ಇದು ಪರೀಕ್ಷೆಗೆ ಬರುತ್ತದೆಯೇ ಎಂದು ವಿನಯದಿಂದ ವಿಚಾರಿಸಿದ.

“ಬರ್ತದಪ್ಪಾ,” ಅಂದಳು ಅತ್ತೆ. “ಯಾವಾಗ ಬರ್ತದ ಅಂತ ಮಾತ್ರ ಮೊದಲೇ ಯಾರೂ ಹೇಳಂಗಿಲ್ಲ.”

ಅವು ಬರದ ವರ್ಷಗಳು. ಔರಾದ ಕಡೆಯ ಬಸ್ಸುಗಳಲ್ಲಿ ಜನ ಗಂಟುಮೂಟೆ ಕಟ್ಟಿ ಹೈದರಾಬಾದಿಗೆ ಹೋಗುತ್ತಿದ್ದರು. ಚಿದ್ರಿಗೆ ನೀರು ಬರುತ್ತಿದ್ದುದು ಟ್ಯಾಂಕರಿನಲ್ಲಿ. ಕೊಡ ಹಿಡಿದು ಎರಡು ತಾಸು ಒಂದೇ ಕಡೆ ನಿಲ್ಲುವ ಇಷ್ಟು ಮಂದಿ ಅತ್ತೆಗೆ ಇನ್ನೆಲ್ಲಿ ಸಿಗಬೇಕು? ದಿನಕ್ಕೊಂದು ಅಧ್ಯಾಯ ಗಟ್ಟಿಯಾಗಿ ಓದತೊಡಗಿದಳು. ಮೊದಮೊದಲು ಬೈದರು. ಆಮೇಲೆ ಅಭಿಪ್ರಾಯಗಳು ಬಂದವು ನೋಡಿ! ಒಬ್ಬಳು, ನೀರಿಗೆ ತೊಂದರೆ ಇಲ್ಲದ ದೇಶ, ಅದಕ್ಕೇ ಬಣ್ಣದ ಮೇಲೆ ಜಗಳಾಡಲು ಪುರಸೊತ್ತು ಎಂದಳು. ಪಕ್ಕದ ಮನೆಯ ಖಾಲಾ, ಓಣಿಗೆಲ್ಲ ಚಿಕ್ಕಮ್ಮ, ಹೊಲಿಗೆ ಮಾಡಿ ಬದುಕುವವರು. ಕನ್ನಡ ಓದಲು ಬಾರದಿದ್ದರೂ ಅವರು ಎಲ್ಲ ಕೇಳಿಸಿಕೊಂಡು, ಆ ಹೆಂಗಸಿಗೆ ಬಡಗಿಯ ಮೇಲೆ ಸಿಟ್ಟಿಲ್ಲ, ಮನೆಯ ಗಂಡಸರ ಅಂಜಿಕೆ ಎಂದು ತೀರ್ಪು ಕೊಟ್ಟರು. ಅಂಜಿಕೆ ಎಂಬ ಮಾತಿಗೆ ಅತ್ತೆ ಸಿಡಿದೆದ್ದಳು. ಅಂಜಿಕೆಯೊಂದು ನೆಪವೇ? ಇಬ್ಬರಿಗೂ ಮೂರು ದಿನ ಮಾತಿರಲಿಲ್ಲ. ಆದರೆ ಖಾಲಾ ಸಾಲಿನಲ್ಲಿ ಅತ್ತೆಯ ಹಿಂದೆಯೇ ನಿಂತು ಕಥೆ ಕೇಳುವುದನ್ನು ಬಿಡಲಿಲ್ಲ.

ಟ್ಯಾಂಕರಿನ ಡ್ರೈವರ್ ಅಂತೂ ಅಧ್ಯಾಯ ಮುಗಿಯುವವರೆಗೆ ಗಾಡಿ ತೆಗೆಯುತ್ತಿರಲಿಲ್ಲ. ಬೇರೆ ಓಣಿಯವರು ತಕರಾರು ಮಾಡಿದಾಗ, ಬಡಗಿಯ ಜಾಮೀನು ಆಗಿಲ್ಲ ಎಂದು ಅವರಿಗೆ ಉತ್ತರ ಕೊಟ್ಟನಂತೆ! ಕೊನೆಯ ಅಧ್ಯಾಯದ ದಿನ ಅವನು ಓದಿನ ನಡುವೆಯೇ ಗಾಡಿಯಿಂದ ಇಳಿದು ಬಂದ.

“ಅಕ್ಕೋರೆ, ನಮ್ಮೂರು ಚಿಂತಾಕಿಯಾಗೂ ಆ ಬಡಗಿಯಂಥಾಕಿ ಒಬ್ಬಾಕಿ ಇದ್ದಾಳ್ರಿ. ಮಾಡದ ತಪ್ಪಿಗಿ ದವಾಖಾನಿ ಕೆಲಸ ಬಿಡಿಸಿದ್ರು. ಹೈದರಾಬಾದಿನಾಗ ಕಲ್ಲು ಹೊತ್ತು, ಈಗ ಊರಿಗಿ ಬಂದಾಳ.”

ನಾನು ಆ ದಿನ ರಜೆಗೆಂದು ಅಲ್ಲೇ ಇದ್ದೆ. ಅತ್ತೆ ಆಕೆಯ ಹೆಸರು ಕೇಳಿದಳು. ಅವನು ಹೇಳಿದ. ಅತ್ತೆ ಅಧ್ಯಾಯದ ನಡುವೆಯೇ ಪುಸ್ತಕ ಮುಚ್ಚಿ ಮನೆಗೆ ನಡೆದಳು. ಅವಳ ಕೊಡವನ್ನು ಖಾಲಾ ತುಂಬಿಸಿ ತಂದಿಟ್ಟರು.

ಮರುದಿನ ಬೆಳಿಗ್ಗೆ ಅತ್ತೆ ನನ್ನನ್ನು ಕರೆದುಕೊಂಡು ಔರಾದ ಬಸ್ಸು ಹತ್ತಿದಳು. ದಾರಿಯಲ್ಲಿ ತಾನಾಗಿಯೇ ಹೇಳಿದಳು. ಇಪ್ಪತ್ತು ವರ್ಷದ ಹಿಂದೆ ಅವಳಿದ್ದ ದವಾಖಾನೆಯಲ್ಲಿ ಲಸಿಕೆಯ ಫ್ರಿಜ್ಜಿನ ಬಾಗಿಲು ತೆರೆದೇ ಉಳಿದು ಮದ್ದೆಲ್ಲ ಕೆಟ್ಟಿತ್ತು. ಬಿಟ್ಟವನು ಕಂಪೌಂಡರ್, ದೊಡ್ಡ ಮನೆತನದವನು. ತಪ್ಪು ಹೊರಿಸಿದ್ದು ಕಸ ಗುಡಿಸುವ ಆಯಾಳ ಮೇಲೆ, ಅವಳ ಜಾತಿಯ ಹೆಸರು ಹಿಡಿದು. ಅತ್ತೆಯದೂ ಅದೇ ಜಾತಿ. ಅತ್ತೆ ಎಲ್ಲವನ್ನೂ ಕಂಡಿದ್ದಳು. ಬಾಯಿ ಬಿಟ್ಟರೆ ತನ್ನ ಕೆಲಸವೂ ಹೋದೀತೆಂದು ಸುಮ್ಮನಿದ್ದಳು.

ಚಿಂತಾಕಿಯಲ್ಲಿ ಆ ಆಯಾ ಹೊಸ್ತಿಲ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ಅತ್ತೆಯನ್ನು ನೋಡಿದ ಕೂಡಲೇ ಗುರುತು ಹಿಡಿದು, ಎದ್ದು ಒಲೆಯ ಮೇಲೆ ಚಹಕ್ಕೆ ನೀರಿಟ್ಟು ಬಂದಳು. ಅತ್ತೆ ಕೂಡಲಿಲ್ಲ.

“ಬಾಗಲಾ ಯಾರು ಬಿಟ್ಟಿದ್ರು ನನಗ ಗೊತ್ತಿತ್ತು,” ಅಂದಳು.

“ನಿಮಗ ಗೊತ್ತದ ಅಂತ ನನಗೂ ಗೊತ್ತಿತ್ರಿ ನರ್ಸಬಾಯಿ.”

“ಮತ್ತ ನೀ ಯಾಕ ಸಾಕ್ಷಿ ಅಂತ ನನ್ನ ಹೆಸರು ತಗೀಲಿಲ್ಲ?”

ಆಕೆ ಮೊರವನ್ನು ಕೆಳಗಿಟ್ಟಳು. “ನೀವರೆ ಕೆಲಸದಾಗ ಉಳೀರಿ ಅಂತ್ರಿ. ನಮ್ಮ ಮಂದ್ಯಾಗ ಒಬ್ಬಾಕಿ ಬಿಳಿ ಸೀರಿ ಉಟ್ಟು ಸೂಜಿ ಮಾಡ್ತಾಳಂತ ಊರ ತುಂಬ ಹೇಳ್ಕೋತ ತಿರುಗ್ತಿದ್ದೆ ನಾ. ಅದೂ ಹೋಗಬೇಕೇನು?”

ಅತ್ತೆ ಓಣಿಯ ನಡುವೆ ಹೋಗಿ ನಿಂತಳು. ಟ್ಯಾಂಕರಿನ ಮುಂದೆ ಓದುತ್ತಿದ್ದ ಅದೇ ಗಟ್ಟಿ ದನಿಯಲ್ಲಿ, ಈಕೆ ತಪ್ಪು ಮಾಡಿಲ್ಲ, ಮಾಡಿದವನನ್ನು ನಾನು ಕಂಡಿದ್ದೇನೆ, ಹೇಳದೆ ಬಚ್ಚಿಟ್ಟವಳು ನಾನು ಎಂದು ಬಾಗಿಲುಬಾಗಿಲಿಗೂ ಕೇಳುವಂತೆ ಹೇಳಿದಳು. ಜನ ಹೊರಗೆ ಬಂದರು. ಎರಡನೆಯ ಸಲ ಹೇಳಿದಳು. ಮೂರನೆಯ ಸಲ ಹೇಳಲು ಬಾಯಿ ತೆರೆದಳು.

ಆಕೆ ಬಂದು ಅತ್ತೆಯ ಕೈ ಹಿಡಿದಳು. “ಸಾಕು ಒಳಗ ಬರ್ರಿ, ಚಾ ಕುದ್ದದ,” ಅಂದಳು.

ಅತ್ತೆ ಆಕೆಯ ಹಿಂದೆ ಒಳಗೆ ಹೋದಳು.